ಮೂರನೆಯ ಸಹಿ

ವಿಡಿಯೊ ಒಂಬತ್ತು ಸೆಕೆಂಡಿನದು. ಕಾಲೇಜು ಹುಡುಗಿಯೊಬ್ಬಳು ಮೈಕಿನ ಮುಂದೆ ನಿಂತು, "ನಮ್ಮ ಯೋಧರು ಸತ್ತಾಗ ಅಳುವ ನಾವು... ನಮ್ಮ ಕಣ್ಣೀರಿಗೆ ಬೆಲೆಯಿಲ್ಲ" ಎನ್ನುತ್ತಾಳೆ. ಅಷ್ಟೇ.

ಅದನ್ನು ಶಾಂಭವಿಗೆ ಮೊದಲು ತೋರಿಸಿದವನು ಗಂಡ ಓಂಕಾರೇಶ್. ತರೀಕೆರೆಯಲ್ಲಿ ಅವನದೊಂದು ಹಾರ್ಡ್‌ವೇರ್ ಅಂಗಡಿ. ಮಧ್ಯಾಹ್ನ ಊಟಕ್ಕೆ ಬಂದವನು ಕೈಕಾಲು ತೊಳೆಯದೆ ಫೋನನ್ನು ಅವಳ ಮುಖಕ್ಕೇ ಹಿಡಿದ.

"ಈ ಹುಡ್ಗೀಗೇನಾ ನೀನು ಫಸ್ಟ್ ಪ್ರೈಜ್ ಕೊಟ್ಟಿದ್ದು?"

ಶಾಂಭವಿ ಎರಡು ಸಲ ನೋಡಿದಳು. "ಮಧ್ಯದ್ದು ಕತ್ತರಿಸಿದಾರೆ ಕಣ್ರೀ. ಅವಳು ಹೇಳಿದ್ದು ಹಿಂಗಲ್ಲ."

"ನಿಂಗೆ ಗೊತ್ತು. ಅಂಗಡಿಗೆ ಬರೋರಿಗೆ ಗೊತ್ತಾ? ಯುದ್ಧ ಎಲ್ಲೋ, ಬಡಿದಾಟ ಇಲ್ಲಿ!"

ಶಾಂಭವಿ ಹನ್ನೊಂದು ವರ್ಷದಿಂದ ತರೀಕೆರೆಯ ಖಾಸಗಿ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತಿದ್ದಳು. ಆ ಕಾಲೇಜು ನಡೆಸುವ ಸಂಸ್ಥೆಯೇ ಹಿಂದಿನ ಶನಿವಾರ ಕಡೂರಿನಲ್ಲಿ ಚರ್ಚಾ ಸ್ಪರ್ಧೆ ನಡೆಸಿತ್ತು. ವಿಷಯ, ಪರದೇಶದ ಯುದ್ಧಗಳ ಬಗ್ಗೆ ನಾವು ದನಿ ಎತ್ತಬೇಕೇ ಎಂಬುದು. ತೀರ್ಪುಗಾರರು ಮೂವರು: ಶಾಂಭವಿ, ಅಜ್ಜಂಪುರದ ನಿವೃತ್ತ ಹೆಡ್‌ಮಾಸ್ಟರ್ ಕನಕರಾಜು, ಕಡೂರಿನ ವಕೀಲೆ ಪಂಕಜಾಕ್ಷಿ. ಚೌಳಹಿರಿಯೂರಿನ ಸಂಘಮಿತ್ರಾ ಎಂಬ ಹುಡುಗಿ ಚೀಟಿ ನೋಡದೆ ಮಾತಾಡಿದ್ದಳು. "ನಮ್ಮ ಯೋಧರು ಸತ್ತಾಗ ಅಳುವ ನಾವು, ಇನ್ನೊಂದು ದೇಶದ ಶಾಲೆಯ ಮೇಲೆ ಬಾಂಬು ಬಿದ್ದಾಗ ನಕ್ಕರೆ, ನಮ್ಮ ಕಣ್ಣೀರಿಗೆ ಬೆಲೆಯಿಲ್ಲ" ಎಂದಾಗ ಸಭೆ ಚಪ್ಪಾಳೆ ಹೊಡೆದಿತ್ತು. ಮೂವರೂ ಕೂಡಿ ಮಾತಾಡಿಕೊಳ್ಳುವ ಅಗತ್ಯವೇ ಬಿದ್ದಿರಲಿಲ್ಲ. ಮೂವರ ಹಾಳೆಯಲ್ಲೂ ಅವಳೇ ಮೊದಲು.

ಈಗ ಆ ಸಭೆಯಲ್ಲಿ ಕೂತಿದ್ದವರೇ ವಿಡಿಯೊ ಹಂಚುತ್ತಿದ್ದರು. "ಹೆಸರು ನೋಡಿದ್ರೇ ಗೊತ್ತಾಗಲ್ವಾ ಯಾರ ಪೈಕಿ ಅಂತ" ಎಂದು ಒಬ್ಬ ಬರೆದಿದ್ದ. ಅದರ ಕೆಳಗೆ ನಗುವ ಮುಖಗಳ ಸಾಲು. ಬುದ್ಧನ ಪಟಕ್ಕೆ ಕೈಮುಗಿಯುವ ಮನೆಯವರು ಮಗಳಿಗೆ ಪ್ರೀತಿಯಿಂದ ಇಟ್ಟ ಹೆಸರು, ಈಗ ಬೈಗುಳದಂತೆ ಓಡಾಡುತ್ತಿತ್ತು. ಅದರ ಕೆಳಗೇ ಇನ್ನೊಬ್ಬ ಕೇಳಿದ್ದ: "ಬಹುಮಾನ ಕೊಟ್ಟ ಮಹಾನುಭಾವರು ಯಾರು?"

ಆಮೇಲೆ ಶಾಂಭವಿಗೆ ಅನ್ನ ಸೇರಲಿಲ್ಲ. ಪಾಠ ಮಾಡುವಾಗ ಹಿಂದಿನ ಬೆಂಚಿನಲ್ಲಿ ಯಾರಾದರೂ ಪಿಸುಗುಟ್ಟಿದರೆ ನಾಲಿಗೆ ತೊದಲುತ್ತಿತ್ತು. ಹೇಳಬೇಕಾದ ವಾಕ್ಯವನ್ನು ಒಳಗೇ ಒಂದು ಸಲ ಆಡಿಕೊಂಡು, ಎಲ್ಲಿ ಕತ್ತರಿಸಿದರೆ ಏನಾಗುತ್ತದೆ ಎಂದು ನೋಡಿ, ಆಮೇಲೆ ಬಾಯಿಬಿಡುವುದು ರೂಢಿಯಾಯಿತು.

ಬುಧವಾರ ಸಂಸ್ಥೆಯ ಕಾರ್ಯದರ್ಶಿ ತೀರ್ಥಪ್ಪ ಕರೆಸಿದರು. ಕೂರಿಸಿದರು, ಕಾಫಿ ತರಿಸಿದರು. ಆಮೇಲೆ ಟೈಪು ಮಾಡಿಸಿದ್ದ ಒಂದು ಹಾಳೆ ಮುಂದೆ ಸರಿಸಿದರು. ವಿದ್ಯಾರ್ಥಿನಿಯ ಮಾತು ದೇಶಕ್ಕೆ ಅಗೌರವ ತರುವಂತಿತ್ತು, ಅದು ನಮ್ಮ ಗಮನಕ್ಕೆ ಬರದೆ ಬಹುಮಾನ ಕೊಟ್ಟಿದ್ದೇವೆ, ಈಗ ಹಿಂಪಡೆಯುತ್ತಿದ್ದೇವೆ ಎಂದಿತ್ತು. ಕೆಳಗೆ ಕನಕರಾಜು, ಪಂಕಜಾಕ್ಷಿ ಇಬ್ಬರ ಸಹಿಯೂ ಆಗಿತ್ತು.

"ನಾನೇನೂ ಬಲವಂತ ಮಾಡಲ್ಲ ಕಣ್ರೀ ಮೇಡಂ. ಆ ಹುಡುಗಿ ತಪ್ಪು ಮಾತಾಡಿಲ್ಲ ಅಂತ ನಂಗೂ ಗೊತ್ತು. ಗಲಾಟೆ ತಣ್ಣಗಾಗ್ಲಿ ಅಂತ."

ಗೊತ್ತಿದ್ದೂ ಹೀಗೇಕೆ ಎಂದು ಕೇಳಬೇಕಿತ್ತು. ಶಾಂಭವಿ ಕೇಳಲಿಲ್ಲ. ಪೆನ್ನು ತೆಗೆದುಕೊಂಡು ಸಹಿ ಹಾಕಿದಳು. ಹೊರಗೆ ಬಂದಾಗ ಎದೆ ಹಗುರಾಗಿತ್ತು. ಮನೆಗೆ ಬರುವಷ್ಟರಲ್ಲಿ ಆ ಹಗುರವೇ ಅವಳಿಗೆ ಅಸಹ್ಯವಾಯಿತು.

ಶುಕ್ರವಾರ ಕೊನೆಯ ಪಿರಿಯಡ್ಡು ಮುಗಿಸಿ ಬಂದಾಗ ಸ್ಟಾಫ್ ರೂಮಿನ ಬಾಗಿಲಲ್ಲಿ ಸಂಘಮಿತ್ರಾ ನಿಂತಿದ್ದಳು. ಜೊತೆಗೆ ಅವಳ ಅಪ್ಪ ಹೊನ್ನೇಶ್. ಕಡೂರಿನಲ್ಲಿ ಲಗೇಜ್ ಆಟೋ ಓಡಿಸುವವನು, ಖಾಕಿ ಅಂಗಿಯಲ್ಲೇ ಬಂದಿದ್ದ. ಬಟ್ಟೆಚೀಲದಿಂದ ಬಹುಮಾನದ ಕಪ್ ತೆಗೆದು ಮೇಜಿನ ಮೇಲಿಟ್ಟ.

"ತಕ್ಕೊಳಿ ಮೇಡಂ. ವಾಪಸ್ ಕೊಡ್ಬೇಕು ಅಂತ ಫೋನ್ ಬಂದಿತ್ತು. ನೀವೇ ಸಹಿ ಹಾಕಿದೀರಂತೆ, ನಿಮ್ ಕೈಗೇ ಕೊಟ್ಬಿಡೋಣ ಅಂತ ಬಂದ್ವಿ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಶಾಂಭವಿಗೆ ಸುಲಭವಾಗುತ್ತಿತ್ತು.

ಹುಡುಗಿ ಕೇಳಿದಳು: "ಮೇಡಂ, ಎಲ್ಲಿ ತಪ್ಪಾಯ್ತು ಅಂತ ಹೇಳಿ. ಮುಂದಿನ್ಸಲ ತಿದ್ಕೊಳ್ತೀನಿ."

"ಎಲ್ಲೂ ಇಲ್ಲ ಕಣೇ," ಎಂದಳು ಶಾಂಭವಿ. "ತಪ್ಪು ಮಾಡಿದ್ದು ನಾನು. ಹೆದರಿಕೊಂಡೆ."

ಕಪ್ ಅನ್ನು ತಾನೇ ಚೀಲಕ್ಕೆ ಹಾಕಿ ಹೊನ್ನೇಶನ ಕೈಗೆ ಕೊಟ್ಟಳು. ಅವನು ಒಲ್ಲೆನೆಂದ. "ಬ್ಯಾಡ ಮೇಡಂ, ನಾಳೆ ಇನ್ನೊಂದು ರಗಳೆ. ಇವಳು ದಿನಾ ಒಬ್ಳೇ ಬಸ್ಸಲ್ಲಿ ಓಡಾಡ್ಬೇಕು."

"ರಗಳೆ ಬಂದ್ರೆ ನನ್ನ ಹೆಸರು ಹೇಳಿ. ಇದು ಅವಳದ್ದು."

ಅವರು ಹೋದ ಮೇಲೆ ಶಾಂಭವಿ ಊರಿನ ಸುದ್ದಿಯ ವಾಟ್ಸಾಪ್ ಗುಂಪು ತೆರೆದಳು. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕಿನ ಒಂಬೈನೂರು ಜನ ಅದರಲ್ಲಿದ್ದರು. ಮೂವರು ಸಹಿ ಹಾಕಿದ ಪತ್ರವೂ ಅಲ್ಲೇ ಇತ್ತು. ಬರೆಯಲು ಹೋಗದೆ, ಫೋನಿಗೆ ಬಾಯಿ ಹತ್ತಿರ ಮಾಡಿ ಹೇಳಿದಳು:

"ಈ ಪತ್ರದಲ್ಲಿರುವ ಮೂರನೆಯ ಸಹಿ ನನ್ನದು. ಹೆದರಿ ಹಾಕಿದ್ದು. ಹುಡುಗಿ ಆಡಿದ ಪೂರ್ತಿ ಮಾತು ಇದು..." ಎಂದು ಆ ವಾಕ್ಯವನ್ನು ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿ, "ನಾನು ಕೊಟ್ಟ ಬಹುಮಾನ ಸರಿ. ನಾನು ಹಾಕಿದ ಸಹಿ ತಪ್ಪು" ಎಂದು ಮುಗಿಸಿದಳು.

ಐದೇ ನಿಮಿಷದಲ್ಲಿ ಗುಂಪಿನಲ್ಲಿ ಉತ್ತರಗಳು ಸುರಿಯತೊಡಗಿದವು. ಅವಳು ಓದಲಿಲ್ಲ.

ಮೊದಲು ಫೋನು ಮಾಡಿದವರು ಕನಕರಾಜು. "ನಂದೂ ಹೆದರಿಕೆ ಸಹೀನೇ ಕಣಮ್ಮಾ," ಎಂದರು. "ಆದ್ರೆ ನಾನು ಹೊರಗೆ ಹೇಳಲ್ಲ. ಈ ವಯಸ್ಸಲ್ಲಿ ಆಗಲ್ಲ ನಂಗೆ. ತಪ್ಪು ತಿಳ್ಕೋಬೇಡ."

ಮಾರನೆಯ ದಿನ ಸಂಸ್ಥೆಯ ನೋಟಿಸು ಬಂತು. ವಿಚಾರಣೆ ಮುಗಿಯುವತನಕ ಕಾಲೇಜಿಗೆ ಬರಬಾರದು, ವಾರದೊಳಗೆ ಉತ್ತರ ಕೊಡಬೇಕು. ಓಂಕಾರೇಶ್ ಎರಡು ದಿನ ಮಾತು ಬಿಟ್ಟಿದ್ದ. ಮೂರನೆಯ ದಿನ ಉತ್ತರದ ಕರಡು ಓದಿ, "ಹೆದರಿಕೆ ಅಂತ ಯಾಕೆ ಬರೀತೀಯ? ಒತ್ತಾಯ ಮಾಡಿದ್ರು ಅಂತ ಬರಿ. ಕೆಲಸ ಉಳಿಯುತ್ತೆ," ಎಂದ.

"ಅವರು ಒತ್ತಾಯ ಮಾಡ್ಲಿಲ್ಲ ಕಣ್ರೀ. ಕಾಫಿ ಕೊಟ್ರು."

ಓಂಕಾರೇಶ್ ಹಾಳೆಯನ್ನು ಮಡಚಿದ. ಆಮೇಲೆ ತಾನೇ ಕವರಿಗೆ ಅಂಟು ಹಚ್ಚಿದ.

ವಿಚಾರಣೆ ಇನ್ನೂ ಮುಗಿದಿಲ್ಲ. ಆ ವಿಡಿಯೊ ಮಾತ್ರ ಹದಿನೈದೇ ದಿನಕ್ಕೆ ಹಳತಾಯಿತು. ಜನಕ್ಕೆ ಬೇರೆ ಯಾರೋ ಸಿಕ್ಕರು. ತಿಂಗಳ ಕೊನೆಗೆ ಸಂಘಮಿತ್ರಾ ಫೋನು ಮಾಡಿ, ಚಿಕ್ಕಮಗಳೂರಿನ ಸ್ಪರ್ಧೆಯೊಂದಕ್ಕೆ ಹೆಸರು ಕೊಟ್ಟಿರುವುದಾಗಿ ಹೇಳಿದಳು. "ನೀವು ಬಂದು ಕೂತ್ಕೊಂಡ್ರೆ ಸಾಕು ಮೇಡಂ."

ಶಾಂಭವಿ ಬೆಳಗಿನ ಬಸ್ಸಿಗೇ ಹೋದಳು. ಎರಡನೆಯ ಸಾಲಿನಲ್ಲಿ, ಹೊನ್ನೇಶನ ಪಕ್ಕ ಕೂತಳು. ಹುಡುಗಿಯ ಹೆಸರು ಕೂಗುತ್ತಿದ್ದಂತೆ ಸಭಾಂಗಣದಲ್ಲಿ ಏಳೆಂಟು ಫೋನುಗಳು ಮೇಲೆದ್ದವು. ಹೊನ್ನೇಶ್ ತಲೆ ತಗ್ಗಿಸಿದ.

ಸಂಘಮಿತ್ರಾ ಮೈಕನ್ನು ತನ್ನೆತ್ತರಕ್ಕೆ ಇಳಿಸಿಕೊಂಡು, ಆ ಫೋನುಗಳನ್ನು ಒಂದೊಂದಾಗಿ ನೋಡಿ, ಮಾತು ಶುರುಮಾಡಿದಳು.