ಬಿಡೋದು ಯಾರು?

ಬ್ರೇಕ್ ಮೇಷ್ಟ್ರ ಬಲಗಾಲಿಗೆ ಅದರದೇ ಒಂದು ಬುದ್ಧಿ ಇತ್ತು. ಕಾರು ಕಲಿಸುವ ಶಾಲೆ ನಡೆಸುತ್ತ, ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ಅಲ್ಲಿ ತಮಗಾಗಿಯೇ ಇದ್ದ ಎರಡನೇ ಬ್ರೇಕನ್ನು ಒತ್ತಿ ಒತ್ತಿ, ಆ ಕಾಲು ಈಗ ಯಜಮಾನರ ಅಪ್ಪಣೆಗೆ ಕಾಯುತ್ತಿರಲಿಲ್ಲ. ಸಿನಿಮಾದಲ್ಲಿ ಲಾರಿ ಎದುರು ಬಂದರೆ ಒತ್ತುತ್ತಿತ್ತು. ನೆಂಟರ ಮಗು ಮಂಚದ ಅಂಚಿಗೆ ಬಂದರೆ ಒತ್ತುತ್ತಿತ್ತು. ಹೆಂಡತಿ ಏನಾದರೂ ಹೇಳಲು ಬಾಯಿ ತೆರೆದರೂ ಒಮ್ಮೊಮ್ಮೆ ಒತ್ತುತ್ತಿತ್ತು, ಇರಲಿ, ಅದು ಬೇರೆ ಮಾತು.

ಮೇಷ್ಟ್ರು ಕೆಟ್ಟವರಲ್ಲ. ಗಂಟಲು ಮಾತ್ರ ದೊಡ್ಡದು, ಅದಕ್ಕೆ ಬ್ರೇಕಿರಲಿಲ್ಲ. ಶಾಲೆಯಲ್ಲಿ ಅವರದೊಂದು ಕಟ್ಟುನಿಟ್ಟು ಇತ್ತು. ಯಾರಾದರೂ "ಕಾರು ಬಿಡೋದು ಕಲೀಬೇಕು ಸಾರ್" ಎಂದರೆ ಸಾಕು, ಅವರಿಗೆ ಮೈ ಉರಿಯುತ್ತಿತ್ತು. "ಬಿಡೋಕೆ ಅದೇನು ಗಾಳಿಪಟವೇನ್ರಿ? ಓಡಿಸೋದು ಅನ್ನಿ. ಬಿಡೋದು ಅಂದ್ರೆ ಕೈ ಬಿಡೋದು, ಆಮೇಲೆ ದೇವರೇ ಗತಿ." ಹೀಗೆ ವರ್ಷಗಟ್ಟಲೆ ಗದರಿ ಗದರಿ ಆ ಪದವನ್ನು ಶಾಲೆಯಿಂದಲೂ ತಮ್ಮ ತಲೆಯಿಂದಲೂ ಓಡಿಸಿಬಿಟ್ಟಿದ್ದರು. ಎಡವಟ್ಟಾದದ್ದೇ ಅಲ್ಲಿ.

ಮದುವೆಯಾಗಿ ಮಗಳು ತನ್ನ ಮನೆ ಸೇರಿದ ಮೇಲೆ ಗಂಡ ಹೆಂಡತಿ ಇಬ್ಬರೇ ಸಮುದ್ರ ನೋಡಲು ಬಂದಿದ್ದರು, ಶಾಲೆಯ ಕಾರಿನಲ್ಲೇ. ಮೇಷ್ಟ್ರು ಓಡಿಸುವಾಗ ಹೆಂಡತಿ ಕೂರುತ್ತಿದ್ದದ್ದು ಆ ಎರಡನೇ ಬ್ರೇಕಿರುವ ಸೀಟಿನಲ್ಲಿ. "ಕಾಲು ಅದರ ಮೇಲೆ ಇಟ್ಟುಗಿಟ್ಟೀಯ" ಎಂದು ಹೊಸದರಲ್ಲಿ ಒಮ್ಮೆ ಗದರಿದ್ದರು. ಅಂದಿನಿಂದ ಆಕೆ ಎಷ್ಟು ದೂರದ ಪ್ರಯಾಣವಾದರೂ ಎರಡೂ ಕಾಲು ಮಡಚಿ ಸೀಟಿನಡಿ ಸೇರಿಸಿಕೊಂಡು ಕೂರುತ್ತಿದ್ದಳು. ಮೇಷ್ಟ್ರು ಅದನ್ನು ಗಮನಿಸಿರಲಿಲ್ಲ. ಅವರ ಕಣ್ಣು ಯಾವತ್ತೂ ರಸ್ತೆಯ ಮೇಲೆ.

ಬಂದ ಮರುದಿನ ಬೆಳಿಗ್ಗೆ ಮೇಷ್ಟ್ರು ಹೋಟೆಲಿನ ಕೋಣೆಯ ಬಚ್ಚಲಿನಲ್ಲಿ ಹಲ್ಲುಜ್ಜುತ್ತಿದ್ದರು. ಸಣ್ಣ ಬಚ್ಚಲು, ನೆಲವೆಲ್ಲ ಮರಳು, ಮೇಲೆ ಅಂಗೈಯಗಲದ ಒಂದು ಕಿಟಕಿ. ಆ ಕಿಟಕಿಯಾಚೆ ಬಾಲ್ಕನಿ. ಅಲ್ಲಿ ಹೆಂಡತಿ ಒದ್ದೆ ಟವಲು ಒಣಹಾಕುತ್ತ ತನ್ನ ಅಕ್ಕನಿಗೆ ಫೋನು ಮಾಡುತ್ತಿದ್ದಳು.

"ಇಲ್ಲ ಅಕ್ಕ, ತೀರ್ಮಾನ ಮಾಡಿ ಆಯ್ತು. ನಾನು ಬಿಡ್ತೀನಿ."

ಮೇಷ್ಟ್ರ ಬ್ರಶ್ಶು ನಿಂತಿತು.

"ಇಷ್ಟು ವರ್ಷ ಕಾಲು ಮಡಚಿಕೊಂಡು ಕೂತಿದ್ದು ಸಾಕು. ಇನ್ನೂ ಹೇಳಿಲ್ಲ ಅವರಿಗೆ. ಮನೇಲಿ ಹೇಳಿದ್ರೆ ಕೂಗಾಡ್ತಾರೆ, ಇಲ್ಲೇ ಹೇಳಿಬಿಡ್ತೀನಿ. ನಾಲ್ಕು ಜನರ ಮಧ್ಯೆ ಆದ್ರೆ ಸ್ವಲ್ಪ ಸುಮ್ಮನಿರ್ತಾರೆ." ಆಮೇಲೆ ಸಣ್ಣಗೆ ನಕ್ಕಳು. "ಅವನಾ? ಅಯ್ಯೋ, ಎಂಥ ತಾಳ್ಮೆ ಅಂತೀಯ ಅವನದು. ಒಂದು ದಿನ ನನ್ನ ಮೇಲೆ ದನಿ ಎತ್ತಲಿಲ್ಲ. ಅವನಿಂದಾನೇ ನಂಗೆ ಧೈರ್ಯ ಬಂದಿದ್ದು."

ಮೇಷ್ಟ್ರು ಪೇಸ್ಟಿನ ನೊರೆಯನ್ನು ಉಗುಳುವ ಬದಲು ನುಂಗಿದರು. ಬಲಗಾಲು ಬಚ್ಚಲಿನ ಕಲ್ಲನ್ನು ಗಟ್ಟಿಯಾಗಿ ಒತ್ತಿ ನಿಂತಿತ್ತು. ಬಿಡುತ್ತಾಳಂತೆ. ಯಾರನ್ನು? ಮನೆಯಲ್ಲಿ ಇರುವುದೇ ಇಬ್ಬರು, ತನ್ನನ್ನು ತಾನು ಯಾರೂ ಬಿಡುವುದಿಲ್ಲವಲ್ಲ. ಮತ್ತೆ ಆ ತಾಳ್ಮೆಯವನು ಯಾರು? ತಮ್ಮ ಪರಿಚಯದ ಗಂಡಸರನ್ನೆಲ್ಲ ಒಬ್ಬೊಬ್ಬರಾಗಿ ನೆನೆದರು. ಒಬ್ಬನಿಗೂ ತಾಳ್ಮೆ ಎಂಬುದು ಇರಲಿಲ್ಲ. ತಲೆ ಕೆಟ್ಟು ಗೊಬ್ಬರವಾಯಿತು.

ಈಗ ಏನು ಮಾಡಬೇಕು? ನುಗ್ಗಿ ಕೇಳಬಹುದಿತ್ತು. ಆದರೆ ಕೇಳಿದರೆ ಕೂಗಾಟವಾಗುತ್ತದೆ, ಕೂಗಿದರೆ ಅವಳ ಮಾತೇ ನಿಜವಾಗುತ್ತದೆ. ಮೇಷ್ಟ್ರು ಬಾಯಿಗೆ ಬೀಗ ಹಾಕಿಕೊಂಡು ಹೊರಗೆ ಬಂದರು. ಅವಳಿಲ್ಲದ ಮನೆಯ ಅಡುಗೆಕೋಣೆ ಕಣ್ಣ ಮುಂದೆ ಬಂತು, ದೀಪ ಹಾಕದ ಅಡುಗೆಕೋಣೆ. ಅವರಿಗೆ ನಿಜವಾಗಿ ಭಯವಾಯಿತು.

ತಿಂಡಿಯ ಹೊತ್ತಿಗೆ ಮೇಷ್ಟ್ರು ಬೇರೆ ಮನುಷ್ಯರಾಗಿದ್ದರು. ಕುರ್ಚಿ ಎಳೆದುಕೊಟ್ಟರು. ಬ್ರೆಡ್ಡಿಗೆ ತಾವೇ ಬೆಣ್ಣೆ ಸವರಿ ಅವಳ ತಟ್ಟೆಗಿಟ್ಟರು. ಬಡಿಸುವವನು ಕಾಫಿ ಚೆಲ್ಲಿದಾಗ "ಪರವಾಗಿಲ್ಲಪ್ಪ" ಎಂದರು, ಅದೂ ಎಷ್ಟು ಮೆಲ್ಲಗೆಂದರೆ ಅವನಿಗೆ ಕೇಳಿಸಲೇ ಇಲ್ಲ.

"ಯಾಕ್ರೀ, ಗಂಟಲು ಕಟ್ಟಿದೆಯಾ?" ಹೆಂಡತಿ ಕೇಳಿದಳು.

"ಇಲ್ಲ. ತಾಳ್ಮೆ" ಎಂದರು ಮೇಷ್ಟ್ರು.

ಹೆಂಡತಿ ಅವರ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ. ಆಮೇಲೆ ಕಿಟಕಿಯಾಚೆ ನೀರಿನ ಮೇಲೆ ಹಾರಿಹಾರಿ ಓಡುತ್ತಿದ್ದ ಒಂದು ಗಾಡಿಯನ್ನು ತೋರಿಸಿದಳು. ಬೈಕಿನ ಹಾಗೆ ಹ್ಯಾಂಡಲ್ಲು, ಹಿಂದೆ ನೊರೆಯ ಬಾಲ. "ಅದನ್ನ ಜೆಟ್ ಸ್ಕೀ ಅಂತಾರಂತೆ, ಬಾಡಿಗೆಗೆ ಕೊಡ್ತಾರಂತೆ. ಇವತ್ತು ಅದರಲ್ಲಿ ಹೋಗೋಣ." ಬೇರೆ ದಿನವಾಗಿದ್ದರೆ ಮೇಷ್ಟ್ರು ತಲೆ ಸರಿ ಇದೆಯಾ ಎಂದು ಕೇಳುತ್ತಿದ್ದರು. ಅವರಿಗೆ ನೀರೆಂದರೆ ಮೊಣಕಾಲಿನವರೆಗೆ ಮಾತ್ರ. ಇವತ್ತು ಹೂಂ ಎಂದರು.

ದಂಡೆಯ ಕಡೆಗೆ ಇಳಿಜಾರು ಬೀದಿ. ಎರಡೂ ಬದಿ ಟೋಪಿ, ಚಪ್ಪಲಿ, ಗಾಳಿ ತುಂಬಿದ ಬಾತುಕೋಳಿ ಮಾರುವ ಅಂಗಡಿಗಳು. ಅರ್ಧ ದಾರಿಗೆ ಬರುವಷ್ಟರಲ್ಲಿ ಮೇಷ್ಟ್ರ ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬಂದೇಬಿಟ್ಟಿತು.

"ನೀನು ಬಿಡ್ತೀಯಂತೆ."

ಹೆಂಡತಿ ಗಕ್ಕನೆ ನಿಂತಳು. "ನಿಮಗೆ ಯಾರು ಹೇಳಿದ್ರು?"

"ಕಿವಿಗೆ ಬಿತ್ತು."

"ನಾನೇ ಹೇಳೋಣ ಅಂತಿದ್ದೆ. ಬೇಜಾರಾಯ್ತಾ?"

"ಬೇಜಾರಾಯ್ತಾ ಅಂತ ಬೇರೆ ಕೇಳ್ತೀಯಲ್ಲ."

"ಅದರಲ್ಲೇನಿದೆ ಈಗ? ಎಲ್ಲ ಹೆಂಗಸರೂ ಬಿಡ್ತಾರೆ. ನಮ್ಮ ಎದುರುಮನೆಯವಳನ್ನ ನೋಡಿ, ದಿನಾ ಬೆಳಿಗ್ಗೆ ಗಂಡನ್ನ ಬಿಟ್ಟು ಬರ್ತಾಳೆ."

ಮೇಷ್ಟ್ರು ಕಕ್ಕಾಬಿಕ್ಕಿಯಾದರು. ಎದುರುಮನೆಯ ಗಂಡ ಹೆಂಡತಿ ನಿನ್ನೆ ಮೊನ್ನೆ ತಾನೇ ಜೊತೆಯಲ್ಲಿ ಕೂತು ಪೇಪರು ಓದುತ್ತಿದ್ದರು. "ದಿನಾ?"

"ದಿನಾ. ಸಂಜೆ ಹೋಗಿ ವಾಪಸ್ ಕರ್ಕೊಂಡು ಬರ್ತಾಳೆ."

"ಬಿಟ್ಟ ಮೇಲೆ ಕರ್ಕೊಂಡು ಯಾಕೆ ಬರ್ತಾಳೆ?"

"ಮತ್ತೆ ಅಲ್ಲೇ ಬಿಟ್ಟಿರೋಕಾಗುತ್ತಾ, ಪಾಪ." ಹೆಂಡತಿ ಅವರ ಮುಖವನ್ನೇ ನೋಡಿದಳು. ಆ ಮುಖ ಇಂಗು ತಿಂದ ಮಂಗನ ಮುಖವಾಗಿತ್ತು. "ಏನಾಗಿದೆ ನಿಮಗೆ ಇವತ್ತು?"

ಮೇಷ್ಟ್ರು ಧೈರ್ಯ ಮಾಡಿ ಕೇಳಿದರು. "ಹಾಗಾದ್ರೆ ನನ್ನನ್ನೂ ಬಿಡ್ತೀಯಾ?"

"ಓ, ಧಾರಾಳವಾಗಿ. ಎಲ್ಲಿ ಬೇಕು ಅಂದ್ರೆ ಅಲ್ಲಿ ಬಿಡ್ತೀನಿ" ಎಂದು ಹೆಂಡತಿ ಖುಷಿಯಿಂದ ಅವರ ತೋಳು ಹಿಡಿದು ಮುಂದೆ ನಡೆದಳು.

ಅಲ್ಲ ಕಣ್ರೀ, ಬಿಡುವವಳು ತೋಳು ಹಿಡಿದು ನಡೆಯುತ್ತಾಳೆಯೇ? ಮೇಷ್ಟ್ರಿಗೆ ತಲೆಬುಡ ತಿಳಿಯಲಿಲ್ಲ. ಇಷ್ಟು ನಗುನಗುತ್ತ ಬಿಡುವುದಾದರೆ, ಎಷ್ಟು ದಿನದಿಂದ ಕಾಯುತ್ತಿದ್ದಳೋ ಎನಿಸಿ ಅವರಿಗೆ ಅಳು ಬಂದಂತಾಯಿತು. ತೋಳನ್ನು ಮಾತ್ರ ಅವಳ ಕೈಯಲ್ಲೇ ಇರಗೊಟ್ಟರು.

ಜೆಟ್ ಸ್ಕೀ ಬಾಡಿಗೆಗೆ ಕೊಡುವವಳು ದಪ್ಪನೆಯ, ಒರಟು ದನಿಯ ಹೆಂಗಸು. ಬಿಸಿಲಿಗೆ ಮೂಗಿನ ತುದಿಯ ಸಿಪ್ಪೆ ಎದ್ದಿತ್ತು. ಇಬ್ಬರಿಗೂ ಕಿತ್ತಳೆ ಬಣ್ಣದ ಜಾಕೆಟ್ಟು ತೊಡಿಸಿ, ಮೇಷ್ಟ್ರ ಹೊಟ್ಟೆಯ ಮೇಲಿನ ಪಟ್ಟಿಯನ್ನು ಉಸಿರು ಕಟ್ಟುವಂತೆ ಎಳೆದು ಬಿಗಿದಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು. "ಬಿಡೋದು ಯಾರು?"

ಮೇಷ್ಟ್ರ ಕಾಲ ಕೆಳಗಿನ ಮರಳು ಜಾರಿತು. ಊರೂರಿಗೆಲ್ಲ ತಿಳಿದುಹೋಗಿದೆಯೇ?

"ನಾನು ಬಿಡ್ತೀನಿ" ಎಂದಳು ಹೆಂಡತಿ. ಸೆರಗನ್ನು ಜಾಕೆಟ್ಟಿನೊಳಗೆ ಸಿಕ್ಕಿಸಿಕೊಂಡು, ನೀರಿಗಿಳಿದು, ಗಾಡಿಯ ಮುಂದಿನ ಸೀಟಿಗೆ ಹತ್ತಿ ಹ್ಯಾಂಡಲ್ಲು ಹಿಡಿದಳು. ಎರಡೂ ಕಾಲು ಚಾಚಿ ಊರಿ ಕೂತಿದ್ದಳು. ಹಾಗೆ ಕಾಲು ಚಾಚಿ ಕೂತ ಅವಳನ್ನು ಮೇಷ್ಟ್ರು ಎಂದೂ ನೋಡಿರಲಿಲ್ಲ. "ಕಾರು ಬಿಡೋದು ಕಲಿತಿದೀನಿ, ಲೈಸೆನ್ಸೂ ಬಂದಿದೆ. ನಾಳೆ ಊರಿಗೆ ನಾನೇ ಬಿಡೋದು. ಇದನ್ನೂ ನಾನೇ ಬಿಡ್ತೀನಿ. ಕೂಗಾಡಬೇಡಿ, ಜನ ಇದಾರೆ."

ಮೇಷ್ಟ್ರು ಅವಳ ಹಿಂದೆಯೇ ಮೊಣಕಾಲವರೆಗೆ ನೀರಿಗಿಳಿದರು. "ಯಾರ ಹತ್ತಿರ ಕಲಿತೆ?"

"ಸಣಕಲನ ಹತ್ತಿರ."

ಸಣಕಲ ಎಂದರೆ ಪಕ್ಕದ ಬೀದಿಯಲ್ಲಿ ಇನ್ನೊಂದು ಕಾರು ಶಾಲೆ ಇಟ್ಟಿದ್ದವನು, ಮೇಷ್ಟ್ರ ಜನ್ಮದ ಎದುರಾಳಿ. ಅವನ ಶಾಲೆಯಲ್ಲಿ ಕಲಿತವರು ಕತ್ತೆ ಮೇಯಿಸಲೂ ಲಾಯಕ್ಕಿಲ್ಲ ಎಂದು ಮೇಷ್ಟ್ರು ಬೋರ್ಡು ಬರೆಸುವುದೊಂದು ಬಾಕಿ ಇತ್ತು. ನ್ಯಾಯವಾಗಿ ಈಗ ಅವರು ಕಿರುಚಬೇಕಿತ್ತು. ಆದರೆ ತಾಳ್ಮೆಯವನು ಅವನೇ, ಬಿಡುವುದು ಎಂದರೆ ಓಡಿಸುವುದೇ, ಎದುರುಮನೆಯವಳು ಗಂಡನನ್ನು ಬಿಡುವುದು ಆಫೀಸಿನ ಬಾಗಿಲಿಗೆ ಎಂದೆಲ್ಲ ಒಟ್ಟಿಗೇ ಹೊಳೆದು, ಮೊಣಕಾಲವರೆಗಿನ ನೀರಿನಲ್ಲಿ ನಿಂತು ಹುಚ್ಚರ ಹಾಗೆ ನಕ್ಕರು. ಬಾಡಿಗೆಯವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಇದಕ್ಕೆ ಬ್ರೇಕಿಲ್ಲ" ಎಂದು ಅವಳು ಪಾಠ ಶುರುಮಾಡಿದಳು. ಮೇಷ್ಟ್ರ ನಗು ನಿಂತಿತು. ಮುಂದಿನದರಲ್ಲಿ ಕೊನೆಯ ಮಾತೊಂದು ಬಿಟ್ಟು ಬೇರೇನೂ ಅವರ ಕಿವಿಗೆ ಹೋಗಲಿಲ್ಲ. "ಈ ಹಿಡಿ ಒತ್ತಿದ್ರೆ ಹೋಗುತ್ತೆ. ತಿರುಗಬೇಕಾದ್ರೆ ಒತ್ತಿಕೊಂಡೇ ತಿರುಗಿಸಬೇಕು. ಹೆದರಿಕೊಂಡು ಹಿಡಿ ಸಡಿಲ ಮಾಡಿದ್ರೋ, ತಿರುಗಲ್ಲ, ನೇರ ಹೋಗಿ ಗುದ್ದುತ್ತೆ. ಈ ದಾರ ಕೈಗೆ ಕಟ್ಟಿರ್ತೀನಿ, ಮುಂದಿನೋರು ಬಿದ್ರೆ ಇಂಜಿನ್ ನಿಲ್ಲುತ್ತೆ."

"ಹಿಂದಿನೋರು ಬಿದ್ರೆ?" ಮೇಷ್ಟ್ರು ಕೇಳಿದರು.

"ಹಿಂದಿನೋರು ಬಿದ್ರೆ ಮುಂದಿನೋರು ಬಂದು ಎತ್ತಿಕೋಬೇಕು. ಬರಬೇಕು ಅನ್ನಿಸಿದ್ರೆ" ಎಂದು ಅವಳು ಮೂಗಿನ ಸಿಪ್ಪೆ ಕಿತ್ತುಕೊಂಡಳು.

ಗಾಡಿ ಹೊರಟಿತು. ಮೊದಮೊದಲು ಎಮ್ಮೆಯ ಹಾಗೆ ನಿಧಾನಕ್ಕೆ, ಆಮೇಲೆ ಒಂದೇ ಸಲ ಮೂತಿ ಎತ್ತಿ ಹಾರಿತು. ಮೇಷ್ಟ್ರು ಹೆಂಡತಿಯ ಸೊಂಟವನ್ನು ಎರಡೂ ಕೈಯಿಂದ ತಬ್ಬಿದ್ದರು. ಬಲಗಾಲು ಬ್ರೇಕು ಹುಡುಕುತ್ತಲೇ ಇತ್ತು, ಒತ್ತಿದಲ್ಲೆಲ್ಲ ಬರೀ ಪ್ಲಾಸ್ಟಿಕ್ಕು. ಉಪ್ಪುನೀರು ಮುಖಕ್ಕೆ ಬಡಿಯುತ್ತಿತ್ತು. ಹೆಂಡತಿ ಏನೋ ಹಾಡು ಹೇಳಿಕೊಳ್ಳುತ್ತಿದ್ದಳು. ಅವಳು ಹಾಡುತ್ತಾಳೆ ಎಂಬುದೇ ಅವರಿಗೆ ಮರೆತುಹೋಗಿತ್ತು.

ಆಗ ಎದುರಿಗೆ ಬಂತು ನೋಡಿ, ಗಡಿ ತೋರಿಸಲು ತೇಲಿಬಿಟ್ಟಿದ್ದ ದೊಡ್ಡದೊಂದು ಹಳದಿ ಡ್ರಮ್ಮು. ಗಾಡಿ ನೆಟ್ಟಗೆ ಅದರ ಕಡೆಗೇ ಹೋಗುತ್ತಿತ್ತು. ಮೇಷ್ಟ್ರ ದೊಡ್ಡ ಗಂಟಲು ತಾನಾಗಿ ತೆರೆದುಕೊಂಡಿತು. "ಬಿಡು, ಬಿಡು, ಬಿಡು!" ಹಿಡಿಯಿಂದ ಕೈ ಬಿಡು ಎಂದು ಅವರ ಅರ್ಥ.

ಬಿಡು ಎಂದರೆ ಹೆಂಡತಿಗೆ ಓಡಿಸು ಎಂದಲ್ಲವೇ? ಗಂಡನೇ ಹುರಿದುಂಬಿಸುತ್ತಿದ್ದಾನೆ ಎಂದು ಹಿಡಿಯನ್ನು ಪೂರ್ತಿ ಒತ್ತಿ ಹ್ಯಾಂಡಲ್ಲು ತಿರುಗಿಸಿದಳು. ಗಾಡಿ ಒಂದು ಬದಿಗೆ ವಾಲಿ, ಡ್ರಮ್ಮಿನ ಪಕ್ಕದಿಂದ ಸುಯ್ಯೆಂದು ಪಾರಾಯಿತು. ಅವರು ಹೇಳಿದ ಅರ್ಥದಲ್ಲೇ ಕೇಳಿದ್ದರೆ ಇಬ್ಬರ ಮೂಳೆಯೂ ಪುಡಿಯಾಗುತ್ತಿತ್ತು. ಆದರೆ ಅಷ್ಟರಲ್ಲಿ ಮೇಷ್ಟ್ರು, ಇಲ್ಲದ ಬ್ರೇಕನ್ನು ಕೈಯಿಂದಾದರೂ ಹಿಡಿಯುವವರಂತೆ ಗಾಳಿಯಲ್ಲಿ ತಡಕಾಡಿ, ನೀರಿಗೆ ಬಿದ್ದಿದ್ದರು.

ಮುಳುಗಿ ಎದ್ದಾಗ ಜಾಕೆಟ್ಟು ಅವರನ್ನು ಬಾಟಲಿಯ ಬಿರಡೆಯ ಹಾಗೆ ತೇಲಿಸಿತ್ತು. ಕಾಲ ಕೆಳಗೆ ಏನೂ ಇರಲಿಲ್ಲ. ಗಾಡಿ ದೂರ ಹೋಗುತ್ತಿತ್ತು. ಹೆಂಡತಿಯ ಕಿತ್ತಳೆ ಬೆನ್ನು ಸಣ್ಣದಾಯಿತು, ಇನ್ನೂ ಸಣ್ಣದಾಯಿತು. ಅವಳು ತಿರುಗಿ ನೋಡಲಿಲ್ಲ. ನೆಟ್ಟಗೆ, ಯಾರ ಗದರಿಕೆಯೂ ಇಲ್ಲದೆ, ಎಷ್ಟು ಚೆನ್ನಾಗಿ ಓಡಿಸುತ್ತಿದ್ದಳೆಂದರೆ, ಮೇಷ್ಟ್ರಿಗೆ ಬೆಳಗಿನ ಭಯ ಮತ್ತೆ ಬಂತು. ಈಗ ಅದಕ್ಕೆ ಎರಡು ಅರ್ಥ ಇರಲಿಲ್ಲ. ಹೋಗಬೇಕೆಂದರೆ ಇವಳು ಹೋಗಬಲ್ಲಳು. ಕರೆಯೋಣವೆಂದರೆ, ಜೀವಮಾನವೆಲ್ಲ ದುಡಿದ ಆ ಗಂಟಲಿನಿಂದ ದನಿಯೇ ಹೊರಡಲಿಲ್ಲ.

ದೂರದಲ್ಲಿ ನೊರೆಯ ಬಾಲ ಬಾಗಿತು. ಗಾಡಿ ದೊಡ್ಡ ಸುತ್ತು ಹಾಕಿ ತಿರುಗಿ ಬಂತು. ಅವರ ಪಕ್ಕಕ್ಕೆ ಬರುವಾಗ ಅವಳು ಅದನ್ನು ಎಷ್ಟು ಹದವಾಗಿ ನಿಧಾನ ಮಾಡಿದಳೆಂದರೆ ಒಂದು ಅಲೆಯೂ ಅವರ ಮುಖಕ್ಕೆ ಹೊಡೆಯಲಿಲ್ಲ.

"ಕೈ ಯಾಕೆ ಬಿಟ್ರಿ?" ಅವಳ ದನಿ ನಡುಗುತ್ತಿತ್ತು. "ಹಿಂದೆ ಭಾರ ಇಲ್ಲ ಅಂತ ಆಮೇಲೆ ಗೊತ್ತಾಯ್ತು. ಜೀವ ಹೋದ ಹಾಗಾಯ್ತು ನಂಗೆ."

ಮೇಷ್ಟ್ರು ಗಾಡಿಯ ಅಂಚು ಹಿಡಿದು, ಕೆಮ್ಮುತ್ತ, ಬಚ್ಚಲಿನಲ್ಲಿ ಕೇಳಿದ್ದನ್ನೆಲ್ಲ ಹೇಳಿದರು. ನೀನು ನನ್ನನ್ನೇ ಬಿಟ್ಟು ಹೋಗ್ತೀಯ ಅಂದ್ಕೊಂಡೆ ಎಂದರು. ಅವಳು ಬಿದ್ದುಬಿದ್ದು ನಗುತ್ತಾಳೆ ಎಂದುಕೊಂಡಿದ್ದರು. ಅವಳು ನಗಲಿಲ್ಲ.

"ಒಂದ್ಸಲ ಹಾಗೂ ಅನ್ಕೊಂಡಿದ್ದೆ" ಎಂದಳು.

"ಯಾವಾಗ?"

"ಮದುವೆಯಾದ ಹೊಸದರಲ್ಲಿ ನಂಗೆ ಕಾರು ಕಲಿಸೋಕೆ ಹೋಗಿ, ಗಾಡಿ ಆಫ್ ಆಯ್ತು ಅಂತ ನಡುರಸ್ತೇಲಿ ಇಳಿಸಿ ಹೋದ್ರಲ್ಲ, ಆವತ್ತು. ನಡ್ಕೊಂಡು ಬರ್ತಾ ದಾರಿಯುದ್ದಕ್ಕೂ ಅದನ್ನೇ ಅನ್ಕೊಂಡೆ."

ಆ ಕತೆಯನ್ನು ಮೇಷ್ಟ್ರು ನೆಂಟರಿಷ್ಟರ ಮುಂದೆಲ್ಲ ಹೇಳಿ ನಗಿಸಿದ್ದರು. ಪ್ರತಿ ಸಲವೂ ಹೆಂಡತಿ ಕಾಫಿ ತರಲು ಒಳಗೆ ಹೋಗುತ್ತಿದ್ದಳು. ಯಾಕೆಂದು ಈಗ ತಿಳಿಯಿತು. ಅವರಿಗೆ ನಾಚಿಕೆಯಾಯಿತು, ತಣ್ಣನೆಯ ನೀರಿನಲ್ಲೂ ಮುಖ ಬಿಸಿಯಾಗುವಷ್ಟು.

"ಆಮೇಲೆ?"

"ಆಮೇಲೇನು, ಮನೆ ಬಂತು." ಅವಳು ಕೈ ಚಾಚಿದಳು. "ಹತ್ತಿ."

ಹತ್ತುವುದು ಸುಲಭವಾಗಲಿಲ್ಲ. ಮೇಷ್ಟ್ರು ಸಲ ಸಲಕ್ಕೂ ಜಾರಿ, ಕೊನೆಗೆ ಮೂಟೆಯ ಹಾಗೆ ಹಿಂದಿನ ಸೀಟಿನ ಮೇಲೆ ಬಿದ್ದು ಎದ್ದು ಕೂತರು. ಬಲಗಾಲು ಮತ್ತೆ ಏನನ್ನೋ ಒತ್ತಲು ಹೊರಟಿತು. ಅವರು ಎರಡೂ ಕಾಲನ್ನು ಮಡಚಿ ಸೀಟಿಗೆ ಒತ್ತಿ ಕೂತುಕೊಂಡರು. ತುಂಬಾ ಹೊತ್ತು ಹಾಗೆ ಕೂತರೆ ಮಂಡಿ ನೋಯುತ್ತದೆ ಎಂದು ಆಗಲೇ ಗೊತ್ತಾಗತೊಡಗಿತು.

"ಹಿಡ್ಕೊಂಡ್ರಾ?" ಎಂದು ಹೆಂಡತಿ ತಿರುಗದೆ ಕೇಳಿದಳು.

ಮೇಷ್ಟ್ರು ಅವಳನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡರು.

"ಹಿಡ್ಕೊಂಡೆ" ಎಂದರು. "ಬಿಡು."