ಜನಿವಾರದವನಿಗೆ ಮೀನು ಕೊಡಲಿಲ್ಲ

ದೇಶ ಸುತ್ತು, ಕೋಶ ಓದು ಅಂತಾರೆ. ನಾನು ಎರಡನ್ನೂ ಮಾಡಿದವಳಲ್ಲ. ಹುಟ್ಟಿದ್ದು ಕಂಪ್ಲಿ, ಕೊಟ್ಟಿದ್ದು ಹೊಸಪೇಟೆ. ಮೂವತ್ತು ವರ್ಷದಿಂದ ಟಿ.ಬಿ. ಡ್ಯಾಮಿನ ರಸ್ತೆಯಲ್ಲಿ ಮೀನು ಮಾರುತ್ತಿದ್ದೇನೆ. ಆದರೂ ಯಾವ ಊರಿನವರು ಎಂಥವರು ಅಂತ ಕೂತಲ್ಲೇ ಹೇಳಿಬಿಡುತ್ತಿದ್ದೆ. ಆಂಧ್ರದವರು ಖಾರ ತಿಂದು ಜಗಳ ತೆಗೆಯುತ್ತಾರೆ. ಮೈಸೂರಿನವರು ಮೆತ್ತಗೆ ಮಾತಾಡಿ ಬರಿಗೈಲಿ ಹೋಗುತ್ತಾರೆ. ಉತ್ತರದವರು ಗೋಧಿ ರೊಟ್ಟಿ, ಆಲೂಗಡ್ಡೆ ಬಿಟ್ಟರೆ ಬೇರೇನೂ ಮುಟ್ಟುವುದಿಲ್ಲ. ಯಾರೂ ಕೇಳದಿದ್ದರೂ ಹೇಳುತ್ತಿದ್ದೆ. ಭೀಮಮ್ಮನ ಬಾಯಿ ಅಂದರೆ ನಮ್ಮ ಸಾಲಿನಲ್ಲಿ ಅಷ್ಟು ಹೆಸರುವಾಸಿ.

ಈ ಸಲದ ಪಕ್ಷಮಾಸದಲ್ಲಿ ಒಂದು ಬೆಳಿಗ್ಗೆ ಝಾ ಅನ್ನುವವನೊಬ್ಬ ಬಂದ. ಬಿಹಾರದ ದರ್ಭಂಗಾದವನು. ಫ್ಯಾಕ್ಟರಿ ಕೆಲಸಕ್ಕೆಂದು ಹೆಂಡತಿ, ಮಗುವನ್ನು ಕರೆದುಕೊಂಡು ಬಂದು ಹತ್ತು ದಿನವಾಗಿತ್ತು. ನಮ್ಮ ಓಣಿಯ ತುದಿಯಲ್ಲಿರುವ ಶೀನಪ್ಪ ಆಚಾರ್ರ ಮನೆಯ ಮಹಡಿಯಲ್ಲಿ ಬಾಡಿಗೆಗೆ ಇದ್ದ. ಬ್ರಾಹ್ಮಣರು ಅಂತಲೇ ಆಚಾರ್ರು ಮನೆ ಕೊಟ್ಟಿದ್ದರು. ಅಂಥವನು ಬಂದವನೇ ಬಗ್ಗಿ, ಪಳಗಿದ ಕೈಯಲ್ಲಿ ಕಟ್ಲಾ ಮೀನಿನ ಕಿವಿರು ಎತ್ತಿ ನೋಡಿದ. ಬಗ್ಗಿದಾಗ ಅಂಗಿಯೊಳಗಿಂದ ಜನಿವಾರ ಇಣುಕಿತು.

“ತೆಗೀರಿ ಕೈ. ಜನಿವಾರ ಹಾಕ್ಕೊಂಡು, ಅದೂ ಪಕ್ಷಮಾಸದಾಗ ಮೀನು ಮುಟ್ಟತೀರಲ್ಲ, ಮನ್ಯಾಗ ಹೆಂಡ್ರಿಗೆ ಗೊತ್ತೈತೇನ್ರಿ?”

ಅವನಿಗೆ ತಿಳಿಯಲಿಲ್ಲ. ನಮ್ಮ ಸಂತೆ ಹಿಂದಿಯಲ್ಲಿ ಇನ್ನೊಂದು ಸಲ ಬೈದೆ. ಹೆಂಡತಿಯೇ ಕಳಿಸಿದ್ದಾಳೆ ಅಂದ. ಸಿಕ್ಕಿಬಿದ್ದ ಗಂಡಸರೆಲ್ಲ ಹೇಳುವ ಮಾತೇ ಇದು ಅಂದೆ. ಪಕ್ಕದ ಅಂಗಡಿಯ ದುರ್ಗಕ್ಕ ಸೆರಗು ಬಾಯಿಗೆ ಹಿಡಿದು ನಕ್ಕಳು. ಅವನು ಕೈ ಮುಗಿದು ಒಂದೇ ಒಂದು ಮೀನು ಕೇಳಿದ. ನಾನು ಬುಟ್ಟಿಯ ಮೇಲೆ ಗೋಣಿಚೀಲ ಎಳೆದೆ. ಅಷ್ಟೇ ಅಲ್ಲ, ಸಾಲಿನ ಎಲ್ಲ ಅಂಗಡಿಗೂ ಸುದ್ದಿ ಮುಟ್ಟಿಸಿದೆ. ಒಬ್ಬರೂ ಕೊಡಲಿಲ್ಲ. ಒಂದು ಮನೆತನ ಕೆಡದಂತೆ ನೋಡಿಕೊಂಡೆ ಅಂತ ದುರ್ಗಕ್ಕನ ಮುಂದೆ ಕೊಚ್ಚಿಕೊಂಡೆ.

ಮಧ್ಯಾಹ್ನ ಅವನ ಹೆಂಡತಿ ವಿಭಾ ಬಂದಳು. ಕಂಕುಳಲ್ಲಿ ಎರಡು ವರ್ಷದ ಗಂಡುಮಗು, ಕೈಯಲ್ಲಿ ಚೀಲ. ಚೀಲದಲ್ಲಿ ಹೊಸ ಬಾಣಲೆ, ರಾಗಿ ಹಿಟ್ಟು, ಡಬ್ಬಿಯಲ್ಲಿ ಅರೆದ ಸಾಸಿವೆ. ಜಗಳಕ್ಕೇ ಬಂದಳು ಅಂತ ಸೆರಗು ಸಿಕ್ಕಿಸಿಕೊಂಡೆ. ಅವಳು ನನ್ನ ಎದುರಿಗೆ ನೆಲದ ಮೇಲೆ ಕೂತು, ನನಗೆ ತಿಳಿಯುವ ಹಾಗೆ ನಿಧಾನವಾಗಿ ಹಿಂದಿಯಲ್ಲಿ ಹೇಳಿದಳು.

ನಾಳೆ ಅವರ ಕಡೆ ತಾಯಂದಿರು ಮಕ್ಕಳ ಆಯುಷ್ಯಕ್ಕೆ ಉಪವಾಸ ಹಿಡಿಯುತ್ತಾರಂತೆ. ಹನಿ ನೀರೂ ಇಲ್ಲ. ಅದರ ಹಿಂದಿನ ದಿನ ಮೀನು, ರಾಗಿರೊಟ್ಟಿ ತಿನ್ನಲೇಬೇಕು. ಬ್ರಾಹ್ಮಣರಾದರೂ ಸರಿ, ಪಕ್ಷಮಾಸವಾದರೂ ಸರಿ. ಮಗುವಿಗೆ ರೈಲಿನಲ್ಲೇ ಹಿಡಿದ ಜ್ವರ ಇಳಿದದ್ದು ನಿನ್ನೆಯಷ್ಟೇ. ಆಚಾರ್ರ ಮನೆಯೊಳಗೆ ಮೀನು ತರುವುದಿಲ್ಲ ಅಂತ ಗಂಡ ಹೆಂಡತಿ ಇಬ್ಬರೂ ಅವರಿಗೆ ಮಾತು ಕೊಟ್ಟಿದ್ದಾರೆ. ಅದಕ್ಕೇ ಡ್ಯಾಮಿನ ಬಯಲಲ್ಲಿ ಮೂರು ಕಲ್ಲು ಹೂಡಿ ಬೇಯಿಸಿಕೊಳ್ಳೋಣ ಅಂತ ಬಾಣಲೆ ತಂದಿದ್ದಾಳೆ. ಆದರೆ ಮೀನೇ ಸಿಗುತ್ತಿಲ್ಲ.

“ಇವತ್ತು ತಪ್ಪಿದರೆ ನಾಳೆಯ ಉಪವಾಸ ಫಲಿಸುವುದಿಲ್ಲ. ಇವನಿಗೇನಾದರೂ ಆದರೆ ನಾನೇನು ಮಾಡಲಿ?” ಅಂದಳು.

ನನಗೆ ಮಗಳ ನೆನಪಾಯಿತು. ನನ್ನ ಮಗಳು ಪಂಪಾವತಿ ಗಂಡನ ಜೊತೆ ಸೂರತ್‌ಗೆ ಹೋಗಿ ಮೂರು ತಿಂಗಳಾಗಿತ್ತು. ಅಲ್ಲಿಯ ಮನೆಯ ಮಾಲೀಕರು ಮೀನಿನ ಹೆಸರೆತ್ತಿದರೆ ಉರಿದುಬೀಳುತ್ತಾರಂತೆ. ಇವಳನ್ನು ಹೆಸರು ಹಿಡಿದು ಕರೆಯುವವರೂ ಇಲ್ಲ, ಮದ್ರಾಸಿ ಅಂತಾರಂತೆ. ಅವಳು ಮನೆ ಬಿಟ್ಟು ಹೊರಗೆ ಬರುವುದನ್ನೇ ನಿಲ್ಲಿಸಿದ್ದಳು. ಫೋನಿನಲ್ಲಿ ಅತ್ತಾಗೆಲ್ಲ ಆ ಊರಿನ ಜನಕ್ಕೆ ಹಿಡಿಶಾಪ ಹಾಕುತ್ತಿದ್ದೆ. ಈಗ ನಾನು ಮಾಡಿದ್ದೂ ಅದೇ ಕೆಲಸ. ನಾಚಿಕೆಯಾಯಿತು.

“ಮೂರು ಕಲ್ಲು ಯಾಕವ್ವಾ, ನನ್ನ ಮನ್ಯಾಗ ಒಲಿ ಐತಿ. ಏಳು,” ಅಂದೆ.

ಬುಟ್ಟಿಯಲ್ಲಿದ್ದ ದೊಡ್ಡ ಕಟ್ಲಾವನ್ನೇ ಎತ್ತಿಕೊಂಡೆ. ಮನೆಯಲ್ಲಿ ಅವಳೇ ಒಲೆ ಒರೆಸಿ, ಅವಳೇ ಬೇಯಿಸಿದಳು. ಮೀನಿಗೆ ಅರೆದ ಸಾಸಿವೆ ಹಾಕಿದ್ದು ಕಂಡು, ಇದೇನು ಉಪ್ಪಿನಕಾಯಿ ಮಾಡುತ್ತೀಯಾ ಅಂತ ಕೇಳಿದೆ. ಸುಮ್ಮನಿರು ಅಂತ ಕೈ ಮಾಡಿದಳು. ನಮ್ಮ ಕಡೆ ಮೂರು ಹೊತ್ತೂ ಇಡ್ಲಿಯೇ ತಿನ್ನುತ್ತಾರೆ ಅಂತ ಅವಳ ಅತ್ತೆ ಹೇಳಿ ಕಳಿಸಿದ್ದರಂತೆ. ನನ್ನ ರೊಟ್ಟಿ ಬುಟ್ಟಿಯಿಂದ ಒಣ ಜೋಳದ ರೊಟ್ಟಿ ಎತ್ತಿ, ಬೆರಳಿನಿಂದ ಬಡಿದು ನೋಡಿ ನಕ್ಕಳು. ಅವಳು ತಟ್ಟಿದ ರಾಗಿರೊಟ್ಟಿ ನೋಡಿ ನಾನೂ ನಕ್ಕೆ.

ಮೊದಲ ತುತ್ತಿಗೇ ಅವಳ ಕಣ್ಣಲ್ಲಿ ನೀರು ಬಂತು. ಸಾಸಿವೆಯ ಘಾಟು ಅಂದಳು. ಒಂದು ತುಂಡು ನನ್ನ ತಟ್ಟೆಗೂ ಬಡಿಸಿದಳು. ಘಾಟು ಇದ್ದದ್ದು ನಿಜ, ಆದರೆ ನಾನು ಅತ್ತದ್ದು ಅದಕ್ಕಲ್ಲ. ಮದುವೆಯಾದ ಮಗಳ ಸಲುವಾಗಿಯೂ ಈ ಉಪವಾಸ ಹಿಡಿಯಬಹುದಾ ಅಂತ ಕೇಳಿದೆ. ಮಕ್ಕಳಿಗೆ ವಯಸ್ಸೆಲ್ಲಿಂದ ಬಂತು ಅಂದಳು.

ಮರುದಿನ ಸಂಜೆ ಪಂಪಾವತಿ ಫೋನ್ ಮಾಡಿ ಮತ್ತೆ ಅದೇ ಗೋಳು ತೆಗೆದಳು. ಈ ಸಲ ನಾನು ಯಾರಿಗೂ ಶಾಪ ಹಾಕಲಿಲ್ಲ.

“ಹೊರಗ ಹೋಗವ್ವ. ಬಾಜೂ ಮನಿ ಬಾಗಿಲು ಬಡಿ. ಮಂದಿ ಮೊದ್ಲು ಬೈತಾರ, ಬೈಸ್ಕೋ. ಆಮ್ಯಾಲ ಒಲಿ ಕೊಡ್ತಾರ.”

“ನಿನಗ ಹೆಂಗ ಗೊತ್ತು?” ಅಂದಳು.

“ಬೈದಾಕಿ ನಾನ,” ಅಂದೆ.

ಅವಳು ಇನ್ನೂ ಏನೇನೋ ಕೇಳಿದಳು. ಬೆಳಿಗ್ಗೆಯಿಂದ ಹನಿ ನೀರು ಮುಟ್ಟಿರಲಿಲ್ಲ, ಗಂಟಲು ಒಣಗಿತ್ತು. ನಾಳೆ ಹೇಳುತ್ತೇನೆ ಅಂತ ಫೋನ್ ಇಟ್ಟೆ.