ಏಳು ಬಣ್ಣಗಳ ಕೆಳಗೆ

ಡ್ರಿಲ್ಲಿನ ಸದ್ದು ಹಲ್ಲಿನೊಳಕ್ಕೇ ಇಳಿಯುತ್ತಿದೆ, ಬಾಗಿಲ ಪಕ್ಕದ ಗೋಡೆಯಿಂದ ಕೆಂಪು ಪುಡಿ ಉದುರುತ್ತಿದೆ, ಮೆಲ್ಲಗೆ ಕಣಪ್ಪಾ, ನೂರಿಪ್ಪತ್ತು ವರ್ಷದ ಗೋಡೆ ಅದು, ಅನ್ನಲು ಹೊರಟವಳು ತೂತು ಎಣಿಸಿದಳು — ನಾಲ್ಕೇ ತೂತು, ಫಲಕ ಕೂರಬೇಕಲ್ಲ, ಸಂರಕ್ಷಿತ ಕಟ್ಟಡ ಎಂಬ ಫಲಕ, ಇನ್ನು ಈ ಮನೆಯನ್ನು ಯಾರೂ ಕೆಡವುವಂತಿಲ್ಲ, ಯಾರೂ ಅಂದರೆ ಯಾರೂ, ಮಾಲೀಕರು ಕೂಡ, ಅದೇ ಮಾಲೀಕರು ಹೋದ ವರ್ಷ ಇದೇ ಮೆಟ್ಟಿಲ ಮೇಲೆ ನಿಂತು, ಎರಡು ತಿಂಗಳು ಟೈಮ್ ಕೊಡ್ತೀನಿ, ಎಲ್ರೂ ಖಾಲಿ ಮಾಡಿ, ಒಡೆದು ಹತ್ತು ಮಹಡಿ ಎಬ್ಬಿಸ್ತೀನಿ ಅಂದಿದ್ದರು, ಎರಡನೇ ಮಹಡಿಯ ದರ್ಜಿ ಅವಳು, ಹೊಲಿಗೆ ಬಿಟ್ಟರೆ ಬೇರೇನು ಗೊತ್ತು, ಕೆಳಗಿನ ಮನೆಯ ಅತ್ತಿಗೆ ಆಗಲೇ ಪಾತ್ರೆ ಮೂಟೆ ಕಟ್ಟುತ್ತಾ, ನಿಂಗ್ಯಾಕೆ ಇಲ್ಲದ ಉಸಾಬರಿ, ಬಾಡಿಗೆಯವ್ರು ನಾವು — ಆದರೆ ಹೊಲಿಗೆ ಮೆಷಿನ್ ರಿಪೇರಿಗೆಂದು ಇಳಿಸುವಾಗ ಮೆಟ್ಟಿಲ ಪಕ್ಕದ ಗೋಡೆಗೆ ತಗುಲಿ ಎದ್ದ ಚಕ್ಕೆ, ಅದರಡಿ ಒಂದೇ ಒಂದು ಹಸಿರು ಎಲೆ, ಎಲೆಯಿದ್ದಲ್ಲಿ ಬಳ್ಳಿ ಇರಲೇಬೇಕಲ್ಲ, ಹೊಲಿಗೆ ಬಿಚ್ಚುವ ಪುಟ್ಟ ಬ್ಲೇಡು ಹಿಡಿದು ಕೂತಳು, ಬಟ್ಟೆಗೆ ನೋವಾಗದಂತೆ ನೂಲನ್ನಷ್ಟೇ ತೆಗೆದು ಪಳಗಿದ ಕೈ, ಏಳು ಪದರ ಬಣ್ಣ, ನೀಲಿ, ಹಳದಿ, ಮತ್ತೆ ನೀಲಿ, ದಿನಾ ಊಟದ ಹೊತ್ತಿನಲ್ಲಿ ಅಂಗೈಯಗಲದಷ್ಟು, ತಿಂಗಳು ತುಂಬುವಷ್ಟರಲ್ಲಿ ಮಾರುದ್ದದ ಬಳ್ಳಿ, ಬಳ್ಳಿಯ ತುಂಬ ಹಕ್ಕಿಗಳು. ಪುರಾತತ್ವ ಇಲಾಖೆಗೆ ಮೂರು ಕಾಗದ ಬರೆದಳು, ಸದ್ದೇ ಇಲ್ಲ, ನಾಲ್ಕನೆಯದರಲ್ಲಿ ಫೋಟೋ ಇಟ್ಟಳು, ಬಂದ ಅಧಿಕಾರಿ ಮೇಡಂ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು, ಇದರ ಮೇಲಿನ ಬಣ್ಣ ಕೆರೆದು ತೆಗೆದದ್ದು ಯಾರು, ಎಲ್ಲಿ ಕಲಿತ್ರಿ — ಕಲಿಯೋದೇನ್ ಬಂತು ಮೇಡಂ, ದಪ್ಪಗಾದವರ ಕೋಟಿನ ಹೊಲಿಗೆ ಬಿಚ್ಚಿ ಬಿಚ್ಚಿ ಅಭ್ಯಾಸ, ಮೇಡಂ ನಕ್ಕುಬಿಟ್ಟರು, ವಿಚಾರಣೆಯ ದಿನ ಮಾಲೀಕರ ಎಂಜಿನಿಯರು ಗೋಡೆ ಇವತ್ತೋ ನಾಳೆಯೋ ಬೀಳುತ್ತೆ ಅಂದಾಗ ನಗಲಿಲ್ಲ, ಅಳೆಸಿಯೇ ಬಿಟ್ಟರು, ಎರಡಡಿ ದಪ್ಪ, ಕೂದಲೆಳೆಯಷ್ಟು ಬಿರುಕೂ ಇಲ್ಲ. ಈಗ ನೋಡು ಅತ್ತಿಗೆಯ ದರ್ಬಾರು, ಬೀದಿಯವರನ್ನೆಲ್ಲ ಒಳಗೆ ಕರೆದು, ಬನ್ನಿ ಬನ್ನಿ, ನಮ್ಮನೆ ಗೋಡೆ ನೋಡಿ, ಮುಟ್ಬೇಡಿ ಮತ್ತೆ — ನಗು ಮರೆಸಲು ಅವಳು ಬಾಯಿಗೆ ಸೆರಗು ಅಡ್ಡ ಹಿಡಿಯಬೇಕಾಯಿತು. ಫಲಕದ ಮೇಲೆ ಮನೆ ಕಟ್ಟಿಸಿದವರ ಹೆಸರಿದೆ, ತನ್ನದಿಲ್ಲ, ಇಲ್ಲದಿದ್ದರೆ ಬೇಡ, ಚಿತ್ರ ಬರೆದವನದೂ ಇಲ್ಲವಲ್ಲ, ಬೆನ್ನು ನೆಟ್ಟಗೆ ಮಾಡಿಕೊಂಡು ಮೆಟ್ಟಿಲು ಹತ್ತುತ್ತಾಳೆ, ಮೇಲಿನ ತಿರುವಿನಲ್ಲಿ ಕಟ್ಟಕಡೆಯ ಹಕ್ಕಿ, ರೆಕ್ಕೆಯಿದೆ, ಒಂದೊಂದು ಗರಿಯೂ ಇದೆ, ಕಣ್ಣಿಲ್ಲ, ಯಾರು ಕರೆದರೆಂದು ಕುಂಚ ಕೆಳಗಿಟ್ಟು ಎದ್ದು ಹೋದನೋ ಪುಣ್ಯಾತ್ಮ, ಒಂದು ಚುಕ್ಕೆ ಇಟ್ಟುಬಿಡೋಣ್ವಾ ಅಂದಿದ್ದರು ದುರಸ್ತಿಯವರು, ಬೇಡ, ಅವನ ಕೆಲಸ ಅದು, ಅವನು ಬಿಟ್ಟ ಹಾಗೇ ಇರ್ಲಿ ಅಂದವಳು ಅವಳೇ, ಇನ್ನು ಯಾರೂ ಮುಟ್ಟುವಂತಿಲ್ಲ, ಆ ಹಕ್ಕಿ, ಕತ್ತು ಹೊರಳಿಸಿ, ಕಣ್ಣಿಲ್ಲದ ಆ ಹಕ್ಕಿ, ಅವಳ ಕಡೆಗೇ ನೋಡುತ್ತಿದೆ, ಆ ಹಕ್ಕಿ —